ಉಳಿಸಿಟ್ಟ ಬಾಣಂತನ

ಅಮೆರಿಕದ ಟೆನೆಸ್ಸಿಯ ಆ ಹಾಸಿಗೆ ಕಾರ್ಖಾನೆಯ ಬಾಗಿಲ ಮೇಲೆ ‘ನಾವೆಲ್ಲ ಒಂದೇ ಕುಟುಂಬ’ ಎಂದು ಆಳೆತ್ತರದ ಅಕ್ಷರಗಳಲ್ಲಿ ಬರೆದಿದೆ. ಕುಟುಂಬವೆಂದ ಮೇಲೆ ಬಾಣಂತನ ಮಾಡಿಸಬೇಡವೇ? ಹೆತ್ತವರಿಗೆ ಆರು ವಾರ ಸಂಬಳದ ರಜೆ ಇತ್ತು. ಸುತ್ತಲಿನ ಯಾವ ಕಾರ್ಖಾನೆಯಲ್ಲೂ ಇಲ್ಲದ ಔದಾರ್ಯ!

ಹೊಲಿಗೆ ವಿಭಾಗದ ಕೆಂಡ್ರಾಳ ಮಗನಿಗೆ ಮಾತ್ರ ಈ ನಿಯಮಗಳನ್ನು ಯಾರೂ ಓದಿ ಹೇಳಿರಲಿಲ್ಲ. ಕಚೇರಿಗೆ ಒಂದು ಮಾತು ತಿಳಿಸದೆ ಹನ್ನೆರಡು ವಾರ ಮೊದಲೇ ಹುಟ್ಟಿಬಿಟ್ಟ. ಒಂದು ಕಿಲೋ ತೂಕ, ಗಾಜಿನ ಪೆಟ್ಟಿಗೆ, ಮೂಗಿಗೆ ನಳಿಗೆ. ಹತ್ತು ವಾರವಾದರೂ ಆಸ್ಪತ್ರೆಯಲ್ಲೇ ಇರಬೇಕು ಎಂದರು ಡಾಕ್ಟರು. ಕೆಂಡ್ರಾ ಬೆರಳು ಮಡಿಚಿ ನೋಡಿದಳು. ಈಗಲೇ ರಜೆ ಹಾಕಿದರೆ, ಮಗು ಮನೆಗೆ ಬರುವಷ್ಟರಲ್ಲಿ ಅದು ಮುಗಿದು ತಿಂಗಳಾಗಿರುತ್ತದೆ. ಗಂಡ ಡ್ವೇನ್ ಲಾರಿ ಓಡಿಸುತ್ತಾನೆ, ಮನೆ ಕಾಣುವುದು ವಾರಕ್ಕೊಮ್ಮೆ. ಅಷ್ಟು ಎಳೆಯ ಕೂಸನ್ನು ಯಾವ ಶಿಶುವಿಹಾರವೂ ಸೇರಿಸಿಕೊಳ್ಳದು.

ಹಾಗಾಗಿ ಹಸಿ ಬಾಣಂತಿ ಐದನೆಯ ದಿನವೇ ಕೆಲಸಕ್ಕೆ ಹಾಜರಾದಳು. ರಜೆಯನ್ನು ಮಗನಿಗೆಂದು ಎತ್ತಿಟ್ಟಳು. ಕಾರ್ಖಾನೆ ಹಿರಿಹಿರಿ ಹಿಗ್ಗಿತು. ತಿಂಗಳ ಪತ್ರಿಕೆಯಲ್ಲಿ ಅವಳ ಫೋಟೋ ಹಾಕಿ, ಕೆಳಗೆ ‘ನಿಷ್ಠೆ ಎಂದರೆ ಇದು’ ಎಂದು ಬರೆಯಿತು. ರಜೆ ಮಂಜೂರು ಮಾಡುವ ಮಿಸ್ ಗ್ಲೆಂಡಾ ಕೇಕನ್ನೂ ಕತ್ತರಿಸಿದಳು.

ಮಗ ಗೆದ್ದ. ‘ಶುಕ್ರವಾರ ಕರೆದುಕೊಂಡು ಹೋಗಿ’ ಎಂದಿತು ಆಸ್ಪತ್ರೆ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

“ಅಯ್ಯೋ ಚಿನ್ನಾ, ಇದು ಹೆರಿಗೆಯಿಂದ ಸುಧಾರಿಸ್ಕೊಳ್ಳೋಕೆ ಕೊಡೋ ರಜೆ ಕಣಮ್ಮ,” ಎಂದಳು ಗ್ಲೆಂಡಾ, ಅರ್ಜಿ ನೋಡಿ. “ಹತ್ತು ವಾರದಿಂದ ಹಾಸಿಗೆ ಹೊಲೀತಿದೀಯ. ಸುಧಾರಿಸ್ಕೊಂಡಾಗಿದೆ. ಪತ್ರಿಕೇಲೂ ಬಂದಿದೆಯಲ್ಲ!”

“ಮಿಸ್ ಗ್ಲೆಂಡಾ, ನಾನು ಉಳಿಸಿಟ್ಟಿದ್ದೇ ಮಗೂಗೋಸ್ಕರ.”

“ಮಗೂನ ನೋಡ್ಕೊಳ್ಳೋ ರಜೆ ಬೇರೆ. ಅದು ದತ್ತು ತಗೊಂಡೋರಿಗೆ.”

“ಅಂದ್ರೆ, ನಾನು ಹೆತ್ತಿದ್ದೇ ತಪ್ಪಾಯ್ತು ಅನ್ನಿ!”

“ಛೆ, ಬಿಡ್ತು ಅನ್ನು. ಸಂಬಳ ಇಲ್ದಿರೋ ರಜೆ ಇದೆಯಲ್ಲ, ಸರ್ಕಾರದ್ದೇ ಕಾನೂನು. ಕೆಲಸಕ್ಕೆ ಸೇರಿ ಒಂದು ವರ್ಷ ಆಗಿರ್ಬೇಕು, ಅಷ್ಟೆ.” ಗ್ಲೆಂಡಾ ಕಂಪ್ಯೂಟರಿನಲ್ಲಿ ಹುಡುಕಿದಳು. “ನಿಂದು... ಶುಕ್ರವಾರಕ್ಕೆ ಇನ್ನೂ ಒಂಬತ್ತು ದಿನ ಕಮ್ಮಿ ಬೀಳತ್ತೆ. ಅಷ್ಟರೊಳಗೆ ಮನೇಲಿ ಕೂತ್ರೆ ಕೆಲಸ ಉಳಿಯಲ್ಲ ನೋಡು.”

ಕೆಂಡ್ರಾ ಹೊರಗೆ ಬಂದು ಆಸ್ಪತ್ರೆಗೆ ಫೋನು ಮಾಡಿದಳು. ಹತ್ತು ವಾರ ದಿನಾ ಕರೆ ಮಾಡಿ ‘ಯಾವಾಗ ಕಳಿಸ್ತೀರಿ’ ಎಂದು ನರ್ಸಮ್ಮನ ಜೀವ ತಿಂದವಳು ಅವಳೇ.

“ಅವನನ್ನ ಇನ್ನೊಂದು ಒಂಬತ್ತು ದಿನ,” ಎಂದಳು, “ಅಲ್ಲೇ ಇಟ್ಕೊಳ್ಳೋಕಾಗತ್ತಾ?”