ಶಂಕ್ರೆಪ್ಪ ತಂದ ಕಡಕ್ ಟಯರ್

ಬೇಸಿಗೆ ಬಂತೆಂದರೆ ನಮ್ಮ ಸಿಂದಗಿ ಸೀಮೆಯಲ್ಲಿ ಸೈಕಲ್ಲುಗಳೆಲ್ಲ ಮನೆ ಮುಂದೆ ತಲೆಕೆಳಗಾಗಿ ನಿಲ್ಲುತ್ತವೆ. ಗಾಲಿ ಮೇಲೆ, ಸೀಟು ಕೆಳಗೆ, ಪಕ್ಕದಲ್ಲೊಂದು ಬೋಗಾಣಿ ನೀರು. ಹೊಲದ ತುಂಬ ತೊಗರಿ ಕೊಯ್ದ ಚೂಪು ಕೂಳೆ, ದಾರಿಯ ತುಂಬ ಜಾಲಿಮುಳ್ಳು. ಪಂಕ್ಚರ್ ಆಗದೆ ಇನ್ನೇನಾದೀತು?

ಆ ವರ್ಷ ದೇವಣಗಾಂವದ ಸೌಂದರ್ಯಾಳ ಸೈಕಲ್ಲಿಗೂ ಅದೇ ಗತಿ. ಹುಡುಗಿ ಏಳನೆಯ ತರಗತಿ ಮುಗಿಸಿದ್ದಳು. ಸೊಲ್ಲಾಪುರದ ಸೋದರಮಾವ ಕೊಟ್ಟ ಹಳೆಯ ಮೌಂಟೇನ್ ಬೈಕ್ ಅವಳದು, ದಪ್ಪ ಗಾಲಿಯದು. ಅದನ್ನು ಹತ್ತಿದಳೆಂದರೆ ಊರಿನ ಗಂಡುಹುಡುಗರು ಅವಳ ಧೂಳು ಕುಡಿಯಬೇಕು. ಬರುವ ಭಾನುವಾರ ಸಿಂದಗಿಯ ಹೊರಗೆ, ಹೊಲದ ದಾರಿಯಲ್ಲಿ, ಸೈಕಲ್ ಓಟದ ಆಯ್ಕೆ ಸ್ಪರ್ಧೆ ಇತ್ತು. ಆಯ್ಕೆಯಾದವರಿಗೆ ದೂರದ ಕ್ರೀಡಾ ಹಾಸ್ಟೆಲಿನಲ್ಲಿ ಜಾಗ. ಊಟ, ಓದು, ತರಬೇತಿ ಎಲ್ಲ ಅಲ್ಲೇ.

ಅವಳ ಅಪ್ಪ ಶಂಕ್ರೆಪ್ಪ ಟ್ರ್ಯಾಕ್ಟರ್ ಡ್ರೈವರ್. ಮನುಷ್ಯ ಒಳ್ಳೆಯವನೇ. ಆದರೆ ಅವನ ತಲೆಗೆ ಒಂದು ಮಾತು ಹೊಕ್ಕಿತೆಂದರೆ ಮುಗಿಯಿತು, ಹೊರಗೆ ತೆಗೆಯಲು ದೇವರೇ ಬರಬೇಕು.

“ಇದೊಂದ ಸಲ ನೋಡ್ತೇನಿ,” ಎಂದು ಮಗಳಿಗೆ ಹೇಳಿದ್ದ. “ಆರಿಸಿದ್ರ ಕಳಸ್ತೇನಿ. ಇಲ್ಲಾಂದ್ರ ಸೈಕಲ್ ಮಾರಿ ಹೊಲಿಗಿ ಮಷೀನ್ ತರ್ತೇನಿ. ಸುಮ್ಮ ಕುಂತ ಹೊಲಿಬೇಕು ನೋಡ.”

ಹುಡುಗಿ ಸೈಕಲ್ಲಿನ ಹತ್ತಿರ ಹೋಗಿ ಗಾಲಿ ಮುಟ್ಟಿ ನೋಡಿದಳು. ಹಳೆಯ ಟಯರ್ ಬೋಳಾಗಿ, ಒಳಗಿನ ನೂಲು ಹೊರಗೆ ಇಣುಕುತ್ತಿತ್ತು. ತಾಯಿ ಸುಂದರವ್ವ ಗೊಣಗಿ ಗೊಣಗಿ ಕೊನೆಗೂ ಗಂಡನನ್ನು ದೇವರ ಹಿಪ್ಪರಗಿ ಸಂತೆಗೆ ಅಟ್ಟಿದಳು.

ಸಂಜೆ ಶಂಕ್ರೆಪ್ಪ ಎರಡು ಟಯರುಗಳನ್ನು ಹೂವಿನ ಹಾರದಂತೆ ಕೊರಳಿಗೆ ಹಾಕಿಕೊಂಡು ಬಂದ.

“ನೋಡ್ರಿಲ್ಲೆ! ಹಲ್ಲು ಹೆಂಗದಾವ? ಟ್ರ್ಯಾಕ್ಟರಿನ ಹಿಂದಿನ ಗಾಲಿನೂ ನಾಚಬೇಕು. ಅಂಗಡ್ಯಾಂವ ಬಾಗಲಾಗ ತೂಗಹಾಕಿದ್ದ, ಅಗ್ಗದಾಗ ಕೊಟ್ಟ. ಮುಟ್ಟಿ ನೋಡ, ಎಷ್ಟ ಕಡಕ್ ಐತಿ!”

ಕಡಕ್! ಶಂಕ್ರೆಪ್ಪನಿಗೆ ಲೋಕದಲ್ಲಿ ಒಳ್ಳೆಯದೆಲ್ಲ ಕಡಕ್ ಇರಬೇಕು. ರೊಟ್ಟಿ ಕಡಕ್, ಚಹಾ ಕಡಕ್, ಅಂಗಿಯ ಇಸ್ತ್ರಿ ಕಡಕ್. ಅದೇ ತಕ್ಕಡಿಯಲ್ಲಿ ರಬ್ಬರನ್ನೂ ತೂಗಿ ತಂದಿದ್ದ ಮಹರಾಯ.

ಪಕ್ಕದ ಮನೆಯ ಅಬಿದಾ ಗೋಡೆಯ ಮೇಲಿಂದ ಇಣುಕಿದಳು. ಅವಳು ಅದೇ ಹಾಸ್ಟೆಲಿನಲ್ಲಿ ಸೈಕಲ್ ಕಲಿಯುತ್ತಿದ್ದ ಹುಡುಗಿ, ರಜೆಗೆ ಬಂದಿದ್ದಳು. ಬಾಯಿ ಸ್ವಲ್ಪ ಜೋರು. ಒಳಗೆ ಬಂದವಳೇ ಟಯರನ್ನು ಹಿಡಿದು ಬಗ್ಗಿಸಿದಳು. ಬದಿಯ ರಬ್ಬರಿನಲ್ಲಿ ಸಣ್ಣ ಸಣ್ಣ ಬಿರುಕು ಬಾಯಿ ತೆರೆದವು.

“ಕಾಕಾ, ಇದು ಕಡಕ್ ಅಲ್ರಿ, ಒಣಗೇತಿ. ಬಿಸಲಾಗ ತೂಗಿ ತೂಗಿ ರಬ್ಬರ್ ಸತ್ತೈತಿ.”

“ಏ, ಸುಮ್ಕಿರ. ಮೆತ್ತಗಿನ ಟಯರ್ ಯಾವಾಗರ ಬಾಳಿಕಿ ಬಂದೈತೇನು?”

“ರೊಟ್ಟಿ ಕಡಕ್ ಆದ್ರ ಏನಾಕ್ಕೈತ್ರಿ? ಬಗ್ಗಿಸಿದ್ರ ಮುರೀತೈತಿ. ಟಯರ್ ಕಲ್ಲಿನ ಮ್ಯಾಲ ಬಗ್ಗಬೇಕ್ರಿ.”

ಸುಂದರವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಶಂಕ್ರೆಪ್ಪನ ಮೂಗು ಕೆಂಪಾಯಿತು. ಅಬಿದಾ ಬಿಡುವವಳಲ್ಲ.

“ಮತ್ತ ಈ ಹಲ್ಲು. ಮಳಿಗಾಲದಾಗ ಎರಿಮಣ್ಣಿನ ಕೆಸರು ಮೆತ್ತತೈತಿ, ಆಗ ದೂರ ದೂರ ಇರೋ ದೊಡ್ಡ ಹಲ್ಲು ಛಲೋ, ಕೆಸರು ಉದುರತೈತಿ. ಈಗ ನೆಲಾ ಒಣಗಿ ಕಲ್ಲಾಗೇತಿ. ಹಲ್ಲು ಒಳಗ ಇಳಿಯಂಗಿಲ್ಲ, ಸುಮ್ಮ ಜಗ್ಗತಾವು. ಇಕಿ ಕಾಲು ಸೋಲತಾವು. ಹಲ್ಲಿನ ನಡುವ ರಬ್ಬರ್ ತೆಳ್ಳಗ ಐತಿ, ಮುಳ್ಳು ಅಲ್ಲೇ ಹೊಗತೈತಿ.”

“ಇಪ್ಪತ್ತ ವರ್ಷ ಗಾಲಿ ತಿರುವೇನಿ ನಾ. ನನಗ ಗಾಲಿ ಕಲಸಾಕ ಬಂದಾಳ!” ಎಂದು ಶಂಕ್ರೆಪ್ಪ ಎದ್ದೇ ಹೋದ.

ಮರುದಿನ ಬೆಳಿಗ್ಗೆ ಹಟಕ್ಕೆ ಬಿದ್ದು ಎರಡೂ ಟಯರ್ ಹಾಕಿದ. ಪಂಪು ಹಿಡಿದು ಗಾಳಿ ಹೊಡೆದ, ಹೊಡೆದ, ಕಡಕ್ ಆಗುವ ತನಕ ಹೊಡೆದ. ಸೈಕಲ್ಲನ್ನು ಅಂಗಳದ ಬಿಸಿಲಿಗೆ ನಿಲ್ಲಿಸಿ ಊಟಕ್ಕೆ ಕುಳಿತ. ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಢಂ ಎಂದಿತು! ಕಟ್ಟಿದ ಎಮ್ಮೆ ಹಗ್ಗ ಹರಿದುಕೊಂಡಿತು. ಓಣಿಯ ಮಂದಿಯೆಲ್ಲ ಯಾರ ಮನೆಯ ಸಿಲಿಂಡರ್ ಹಾರಿತೆಂದು ಓಡಿಬಂದರು. ನೋಡಿದರೆ ಹಿಂದಿನ ಟಯರ್ ಬದಿ ಸೀಳಿ, ಟ್ಯೂಬು ಚಿಂದಿಯಾಗಿ ಜೋತುಬಿದ್ದಿತ್ತು.

ಯಾರೂ ನಗಲಿಲ್ಲ, ಯಾಕೆಂದರೆ ಸೌಂದರ್ಯಾ ಗಾಲಿಯ ಹತ್ತಿರ ಕುಕ್ಕರಿಸಿ ಕುಳಿತು ಬಿಕ್ಕುತ್ತಿದ್ದಳು.

“ಅಪ್ಪಾ, ದಾರ್ಯಾಗ ಒಡದಿದ್ರ?” ಎಂದಳು. ಅಷ್ಟೇ. ಶಂಕ್ರೆಪ್ಪ ಸೀಳಿದ ಟಯರನ್ನು ಕೈಗೆತ್ತಿಕೊಂಡು ನೋಡಿದ. ಇಳಿಜಾರಿನಲ್ಲಿ ಹೋಗುವಾಗ ಒಡೆದಿದ್ದರೆ ಎಂದು ಅವನು ಯೋಚಿಸಿಯೇ ಇರಲಿಲ್ಲ.

ಸಂಜೆ ಗೋಡೆಯ ಹತ್ತಿರ ಹೋಗಿ ಕೆಮ್ಮಿದ. “ಅಬಿದಾ, ನಾಳಿ ಸಿಂದಗಿಗೆ ಬರ್ತಿಯೇನವ್ವಾ? ಟಯರ್ ನೀನ ಆರಿಸು. ಆದ್ರ ದುಬಾರಿ ಬ್ಯಾಡ.”

ಸಿಂದಗಿಯ ಅಂಗಡಿಯಲ್ಲಿ ಅಬಿದಾ ಮೊದಲು ಹಳೆಯ ಟಯರಿನ ಬದಿಯಲ್ಲಿದ್ದ ನಂಬರ್ ತೋರಿಸಿ ಅದೇ ಅಳತೆ ಕೇಳಿದಳು. ಬಿಸಿಲಿಗೆ ತೂಗಿದ್ದು ಬೇಡ, ಒಳಗಿನದು ಕೊಡಿ ಎಂದಳು. ದೊಡ್ಡ ಹೆಸರಿನ ಟಯರನ್ನು ಪಕ್ಕಕ್ಕೆ ಸರಿಸಿ ಸಾದಾ ಟಯರನ್ನೇ ಎರಡು, ಜತೆಗೊಂದು ಹೊಸ ಟ್ಯೂಬು ಎತ್ತಿಕೊಂಡಳು. ಟಯರಿನ ನಡುವೆ ಸಣ್ಣ ಹಲ್ಲು ಒತ್ತೊತ್ತಾಗಿ, ಒಂದೇ ಪಟ್ಟಿಯಂತೆ. ಅಂಚಿನಲ್ಲಿ ಮಾತ್ರ ತಿರುವಿಗೆ ಹಿಡಿತ ಕೊಡುವ ಸ್ವಲ್ಪ ಎತ್ತರದ ಹಲ್ಲು. ಬಗ್ಗಿಸಿದರೆ ಬಗ್ಗಿತು, ಬಿಟ್ಟರೆ ನೆಟ್ಟಗಾಯಿತು, ಒಂದು ಬಿರುಕೂ ಇಲ್ಲ.

“ಮೆತ್ತಗ ಐತಲ್ಲ!” ಶಂಕ್ರೆಪ್ಪನ ಹಳೆಯ ರೋಗ.

“ತಾಜಾ ಐತ್ರಿ ಕಾಕಾ.”

ಊರಿಗೆ ಬಂದು ಹಾಕುವ ಮೊದಲು ಅಬಿದಾ ಗಾಲಿಯ ಒಳಗೆಲ್ಲ ಅರಿವೆಯಿಂದ ಒರೆಸಿದಳು. ಹಳೆಯ ಟಯರಿನ ಒಳಬದಿಯನ್ನೂ ಒರೆಸಿ ತೋರಿಸಿದಾಗ ಮುರಿದ ಮುಳ್ಳಿನ ತುದಿಯೊಂದು ಅರಿವೆಗೆ ಸಿಕ್ಕಿತು. “ಇದನ್ನ ತಗೀಲಿಲ್ಲಂದ್ರ ಎಷ್ಟ ತ್ಯಾಪಿ ಹಚ್ಚಿದ್ರೂ ಮತ್ತ ಅಲ್ಲೇ ಪಂಕ್ಚರ್,” ಎಂದಳು. ಗಾಳಿಯನ್ನು ನೆರಳಿನಲ್ಲೇ, ಟಯರಿನ ಮೇಲೆ ಬರೆದ ಮಿತಿಗಿಂತ ಕಡಿಮೆ, ಹೆಬ್ಬೆಟ್ಟು ಒತ್ತಿದರೆ ಸ್ವಲ್ಪ ಬಗ್ಗುವಷ್ಟು ಹೊಡೆದಳು.

ಆಗ ಶಂಕ್ರೆಪ್ಪ ಧೋತರ ಎತ್ತಿ ಕಟ್ಟಿ ತಾನೇ ಸೈಕಲ್ ಹತ್ತಿದ. ಬಂಡಿದಾರಿಯಲ್ಲಿ ದಡದಡ ಹೋಗಿ, ಕೂಳೆಯ ಬದುವಿನಲ್ಲಿ ತಿರುಗಿ, ಹಲ್ಲು ಬಿಟ್ಟುಕೊಂಡು ಬಂದ. “ಎಲಾ ಇದರ! ಜಗ್ಗಂಗೇ ಇಲ್ಲ. ಕುಂಡಿನೂ ನೋಯಲಿಲ್ಲ!”

ಭಾನುವಾರ ದಾರಿಯುದ್ದಕ್ಕೂ ಸೈಕಲ್ಲುಗಳು ಕೂತುಬಿಟ್ಟಿದ್ದವು. ಒಬ್ಬನಿಗೆ ಮುಳ್ಳು, ಇನ್ನೊಬ್ಬಳು ಸಡಿಲ ಹರಳುಗಲ್ಲಿನ ಮೇಲೆ ಜಾರಿದ್ದಳು. ಸೌಂದರ್ಯಾ ಮೊದಲು ಬರಲಿಲ್ಲ, ಎರಡನೆಯವಳೂ ಅಲ್ಲ. ಆದರೆ ಎಲ್ಲಿಯೂ ಇಳಿಯದೆ, ಮುಖದ ತುಂಬ ಧೂಳಿನೊಂದಿಗೆ ಗೆರೆ ದಾಟಿದಳು. ಆಯ್ಕೆಯಾದವರ ಹೆಸರು ಕೂಗಿದಾಗ ಅವಳದೂ ಬಂತು. ಸುಂದರವ್ವ ಮಗಳನ್ನು ಬಾಚಿ ತಬ್ಬಿಕೊಂಡಳು.

ಶಂಕ್ರೆಪ್ಪ ಮಾತ್ರ ದೂರ ನಿಂತು ಸೈಕಲ್ಲಿನ ಗಾಲಿಯನ್ನೇ ನೋಡುತ್ತಿದ್ದ. ಕಣ್ಣು ತುಂಬಿತ್ತು.

“ಯಾಕ್ರಿ, ಖುಷಿ ಇಲ್ಲೇನು?” ಎಂದಳು ಸುಂದರವ್ವ.

“ಖುಷಿನ ಐತಿ. ಆದ್ರ ಇಷ್ಟ ಛಲೋ ಟಯರ್ ಹಾಕಿದ್ರ ಮಗಳು ಮನಿ ಬಿಟ್ಟ ಇಷ್ಟ ದೂರ ಹೋಗತಾಳಂತ ನನಗ ಯಾರೂ ಹೇಳಲಿಲ್ಲಲ್ಲ!” ಎಂದು ಧೋತರದ ಚುಂಗಿನಿಂದ ಮೂಗು ಒರೆಸಿಕೊಂಡ. ಹೇಳಿದ ಮಾತಿಗೆ ತಪ್ಪಲಿಲ್ಲ. ಜೂನ್ ತಿಂಗಳಲ್ಲಿ ತಾನೇ ಟ್ರಂಕು ಹೊತ್ತು ಮಗಳನ್ನು ಹಾಸ್ಟೆಲಿಗೆ ಬಿಟ್ಟುಬಂದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಸೈಕಲ್ಲಿಗೂ ಈ ಬೇಸಿಗೆಯಲ್ಲಿ ಟಯರ್ ಬೇಕಾದೀತು. ಅಗ್ಗದ್ದೇ ಕೊಳ್ಳಿರಿ, ತಪ್ಪಿಲ್ಲ. ಆದರೆ ಅಳತೆ ನೋಡಿರಿ, ಕೈಯಾರೆ ಬಗ್ಗಿಸಿ ಬಿರುಕು ಹುಡುಕಿರಿ, ಒಣ ನೆಲಕ್ಕೆ ಒತ್ತೊತ್ತು ಸಣ್ಣ ಹಲ್ಲಿನದನ್ನೇ ಕೇಳಿರಿ. ಹೊಸದು ಒಂದೇ ಕೊಳ್ಳಲು ಆಗುವುದಾದರೆ ಅದನ್ನು ಮುಂದಿನ ಗಾಲಿಗೆ ಹಾಕಿರಿ, ಬೀಳದಂತೆ ಕಾಯುವುದು ಅದೇ. ಅಂಗಡಿಯವನು ಅವಸರ ಮಾಡಿದರೆ ಮಾಡಲಿ. ಆ ಗಾಲಿಯ ಮೇಲೆ ಕೂರುವುದು ಅವನ ಮಗಳಲ್ಲ, ನಿಮ್ಮ ಮಗಳು.