ಮುಚ್ಚದೆ ಇಟ್ಟ ಪುಟಗಳು

ಬಿತ್ತನೆಯ ಮಳೆ ಬಿದ್ದು ಎರಡು ದಿನವಾಗಿತ್ತು. ಹೊಲದಲ್ಲಿ ಹದ ನಿಂತರೆ ಇನ್ನು ಮೂರು ದಿನ, ಅಷ್ಟೇ. ಕಾಲಿಗೆ ಕೆಸರು ಮೆತ್ತಿಕೊಂಡ ಹದಿನಾಲ್ಕು ಮಂದಿ ಬೆಳಿಗ್ಗೆ ಎಂಟಕ್ಕೇ ಅರ್ಜಿ ತುಂಬಿಕೊಡುವ ಅಂಗಡಿಯ ಕೌಂಟರಿನ ಮುಂದೆ ನಿಂತು, ಕಂಪ್ಯೂಟರಿನ ಪರದೆಯ ಮೇಲೆ ಸುತ್ತುತ್ತಿದ್ದ ಸಣ್ಣ ಚಕ್ರವನ್ನೇ ನೋಡುತ್ತಿದ್ದರು. ಬ್ರೌಸರ್ ತೆರೆಯುತ್ತಿರಲಿಲ್ಲ.

ನಿನ್ನೆಯೂ ಹೀಗೇ. ಬೀಜದ ಟೋಕನ್ ಕೊಡುವ ಪುಟ ಹತ್ತಕ್ಕೆ ತೆರೆದು ಹತ್ತೂಕಾಲಿಗೆ ಮುಗಿದುಹೋಗಿತ್ತು. ಹತ್ತಕ್ಕೆ ಐದು ನಿಮಿಷ ಇರುವಾಗ ಕರೆಂಟು ಒಮ್ಮೆ ಹೋಗಿ ಬಂದಿದ್ದೇ ನೆವ, ಬ್ರೌಸರ್ ಮತ್ತೆ ಕಣ್ಣು ಬಿಡುವಾಗ ಹತ್ತೂ ಇಪ್ಪತ್ತಾಗಿತ್ತು. ಹದಿನಾಲ್ಕು ಮಂದಿಯೂ ಬರಿಗೈಯಲ್ಲಿ ಮನೆಗೆ ಹೋಗಿದ್ದರು.

"ಕೋಳಿ ಆಗಿದ್ರೆ ಇಷ್ಟೊತ್ತಿಗೆ ಕಾವಿಗೆ ಕೂತು, ಮರಿ ಮಾಡಿ, ಮೇಯಿಸೋಕೆ ಕರ್ಕೊಂಡು ಹೋಗಿರೋದು," ಎಂದಳು ಗಂಟೆ ಅಜ್ಜಿ. ಅವಳು ಮೆಲ್ಲಗೆ ಮಾತಾಡಿದರೂ ಬೀದಿಯ ಆ ತುದಿಗೆ ಕೇಳುತ್ತಿತ್ತು. ಹೆಸರು ಬಂದದ್ದೇ ಅದರಿಂದ.

"ನಮ್ಮವಳೇ ಏನೋ ಒತ್ತಿ ಕೆಡಿಸಿದ್ದಾಳೆ ಬಿಡಿ," ಎಂದ ಅಣ್ಣ, ಅಂಗಡಿಯ ಯಜಮಾನ, ಎಲ್ಲರಿಗೂ ಕೇಳುವಂತೆ.

ಕಂಪ್ಯೂಟರಿನ ಮುಂದೆ ಕೂತಿದ್ದ ತಂಗಿ ಮೌಸನ್ನು ಮತ್ತೊಮ್ಮೆ ಒತ್ತಿದಳು. ಈ ಕುರ್ಚಿಯಲ್ಲಿ ಅವಳು ಕೂತು ಆರು ವರ್ಷ. ಪಶು ಆಸ್ಪತ್ರೆಯ ಸಹಾಯಕರ ತರಬೇತಿಗೆ ಹೋಗುತ್ತೇನೆಂದು ಕೇಳಿ ಮೂರು ವರ್ಷ. "ಈ ಬಿತ್ತನೆ ಒಂದು ಮುಗೀಲಿ, ನಾನೇ ಕಳಿಸ್ತೀನಿ," ಎಂದಿದ್ದ ಅಣ್ಣ. ಆಮೇಲೆ ಮೂರು ಬಿತ್ತನೆ ಮುಗಿದಿದ್ದವು. ಪ್ರತಿ ಸಲವೂ ಅದೇ ಮಾತು. ಮೂವತ್ತು ತುಂಬಿದವರನ್ನು ಅಲ್ಲಿ ಸೇರಿಸಿಕೊಳ್ಳುತ್ತಿರಲಿಲ್ಲ. ಚಳಿಗಾಲ ಬಂದರೆ ಅವಳಿಗೆ ಮೂವತ್ತು.

ರಿಪೇರಿಯವನು ಎಂಟೂವರೆಗೆ ಬಂದ. ಪೆಟ್ಟಿಗೆಯ ಮುಚ್ಚಳ ಬಿಚ್ಚಿ ಊದಿದ. ಧೂಳು ಅಜ್ಜಿಯ ಮುಖಕ್ಕೆ ಹೋಗಿ, ಅವಳು ಅವನ ಮೂರು ತಲೆಮಾರನ್ನು ನೆನೆದಳು. ಅಷ್ಟರಲ್ಲಿ ಬ್ರೌಸರ್ ತಾನಾಗಿಯೇ ತೆರೆಯಿತು. ಅವನು ಬಗ್ಗಿ ನೋಡಿದ.

"ವೈರಸ್ಸಾ?" ಎಂದ ಅಣ್ಣ.

"ಎಂಥ ವೈರಸ್ಸು! ಅಮ್ಮಾ, ಇದೇನು ಮೇಲ್ಗಡೆ, ಎಳ್ಳು ಚೆಲ್ಲಿದ ಹಾಗೆ?"

ಪರದೆಯ ಮೇಲಂಚಿನಲ್ಲಿ ತೆರೆದಿಟ್ಟ ಪುಟಗಳು ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಜಾಗ ಸಾಲದೆ ಯಾವುದರ ಮೇಲೂ ಅಕ್ಷರ ಉಳಿದಿರಲಿಲ್ಲ. ರಿಪೇರಿಯವನು ಎಣಿಸಿದ. ಅರವತ್ತೊಂದು.

"ದಿನಾ ಬೆಳಿಗ್ಗೆ ಈ ಅರವತ್ತೊಂದನ್ನೂ ಎಬ್ಬಿಸಿ, ಮುಖ ತೊಳೆಸಿ, ಆಮೇಲೆ ನಿಮ್ಮ ಕೆಲಸಕ್ಕೆ ಬರ್ಬೇಕು ಇದು. ಮುದಿ ಯಂತ್ರ. ಎಲ್ಲಿಂದ ಆಗತ್ತೆ? ಮುಚ್ಚಿ, ಸರಿಹೋಗತ್ತೆ."

"ಇಷ್ಟೇನಾ! ನಾನು ಹೇಳಿಲ್ವಾ, ಇವಳದೇ ಕಿತಾಪತಿ ಅಂತ," ಎಂದು ಅಣ್ಣ ಮೌಸಿಗೆ ಕೈ ಹಾಕಿದ. "ಎಲ್ಲಾ ಒಂದೇ ಏಟಿಗೆ ಮುಚ್ಚಿ ಬಿಸಾಕೋಣ."

ಅವಳು ಅವನ ಮಣಿಕಟ್ಟು ಹಿಡಿದಳು.

"ಕೈ ತೆಗಿ ಅಣ್ಣ."

ಇನ್ನೊಂದು ಕೈಯಿಂದ ಪರದೆಯ ಮೇಲಂಚನ್ನು ತೋರಿಸಿದಳು.

"ಇವು ಯಾರವು ಗೊತ್ತಾ ನಿಂಗೆ? ಇದು ಅಜ್ಜಿಯ ಪಿಂಚಣಿ ಅರ್ಜಿ, ಹದಿನಾಲ್ಕು ತಿಂಗಳಾಯ್ತು. ಇದು ಕುರಿಯವನ ಲಸಿಕೆದು. ಒಂದೊಂದರ ನಂಬರೂ ಆ ಪುಟದಲ್ಲಿ ಬಿಟ್ರೆ ಇನ್ನೆಲ್ಲೂ ಇಲ್ಲ. ಪ್ರಿಂಟರಿಗೆ ಇಂಕು ತಾ ಅಂತ ನಿಂಗೆ ಹೇಳಿ ಹೇಳಿ ನನ್ನ ನಾಲಗೆ ಸವೀತು. ನಾಳೆ ನಾಳೆ ಅಂತ ಎರಡು ವರ್ಷ ತಳ್ಳಿದೆ. ಚೀಟಿ ಕೊಡೋಕಾಗದೆ ತೆರೆದಿಟ್ಟೆ. ಬಂದು ಕೇಳಿದವರಿಗೆಲ್ಲ ಇದನ್ನೇ ತೋರಿಸಿ ಕಳಿಸ್ದೆ. ಕಿತಾಪತಿ ನಂದಾ?"

"ಎಲ್ಲರ ಮುಂದೆ ಕೂಗಾಡಬೇಡ."

"ಎಲ್ಲರ ಮುಂದೆ ಬೈದವನು ನೀನು."

"ನನ್ನದು ಮುಚ್ಚಬೇಡ ಕಣಮ್ಮ," ಎಂದಳು ಅಜ್ಜಿ, ಇದ್ದ ದನಿಯಲ್ಲೇ ಸಣ್ಣದನ್ನು ಹುಡುಕಿ. "ಮುಚ್ಚಿದ್ರೆ ಅರ್ಜಿ ಸತ್ತುಹೋಗತ್ತೆ."

"ಸಾಯಲ್ಲ ಅಜ್ಜಿ. ನಂಬರ್ ಬರ್ಕೊಂಡು ಮುಚ್ಚೋಣ."

ಅವಳು ಗೋಡೆಯ ಮೇಲಿದ್ದ ಕಳೆದ ವರ್ಷದ ಕ್ಯಾಲೆಂಡರನ್ನು ಮೊಳೆಯಿಂದ ಕಿತ್ತು, ಬಿಳಿಯ ಹಿಂಬದಿ ಮೇಲಾಗಿ ಹಾಸಿ, ಪೆನ್ನು ಹಿಡಿದಳು. "ಓದು," ಎಂದಳು ಅಣ್ಣನಿಗೆ. ಅವನು ಸುತ್ತ ನೋಡಿದ. ಹದಿನಾಲ್ಕು ಮುಖಗಳೂ ಅವನನ್ನೇ ನೋಡುತ್ತಿದ್ದವು. ಅವನು ಹಲ್ಲು ಕಚ್ಚಿಕೊಂಡು ಬಲತುದಿಯಿಂದ ಓದತೊಡಗಿದ. ಅವನು ಹೆಸರು, ಸಂಖ್ಯೆ ಹೇಳುತ್ತಿದ್ದ, ಅವಳು ಬರೆಯುತ್ತಿದ್ದಳು, ರಿಪೇರಿಯವನು ಆ ಪುಟ ಮುಚ್ಚುತ್ತಿದ್ದ. ಒಂದು ಸಂಖ್ಯೆಯಲ್ಲಿ ಅಣ್ಣ ಏಳನ್ನು ಒಂದು ಎಂದ. "ಸರಿಯಾಗಿ ನೋಡು, ಅದು ಮನುಷ್ಯರದ್ದು," ಎಂದಳು. ತನ್ನ ಸರದಿ ಬಂದಾಗ ಅಜ್ಜಿ ಪರದೆಗೆ ಕೈ ಮುಗಿದು, "ಹೋಗಪ್ಪ, ನಾನು ಹೋಗೋದ್ರೊಳಗೆ ತಿರುಗಿ ಬಾ," ಎಂದಳು. ಯಾರೂ ನಗಲಿಲ್ಲ.

ಒಂಬತ್ತೂ ಮುಕ್ಕಾಲಿಗೆ ಎಡತುದಿಯಲ್ಲಿ ಒಂದೇ ಪುಟ ಉಳಿಯಿತು. ಅಣ್ಣ ಓದಲು ಬಗ್ಗಿದ. ಅದರಲ್ಲಿ ತಂಗಿಯ ಹೆಸರಿತ್ತು. ತರಬೇತಿ ಅರ್ಜಿ. ಪೂರ್ತಿಯಾಗಿಲ್ಲ. ಈ ಸಾಲಿನ ಕೊನೆಯ ದಿನ ಇದೇ ತಿಂಗಳ ಇಪ್ಪತ್ತೆಂಟು.

"ಇದನ್ನೂ ಮುಚ್ಚಲಾ?" ಎಂದ ರಿಪೇರಿಯವನು.

"ಅದು ಇರ್ಲಿ," ಎಂದಳು ಅವಳು.

ಹತ್ತಕ್ಕೆ ಐದು ನಿಮಿಷವಿರುವಾಗ ಕರೆಂಟು ಹೋಯಿತು. ಕೌಂಟರಿನ ಆಚೆಯಿಂದ ಹದಿನಾಲ್ಕು ಉಸಿರು ಒಟ್ಟಿಗೆ ಬಿದ್ದವು. ಎರಡು ನಿಮಿಷಕ್ಕೆ ಬಂತು. ಯಂತ್ರ ಗೊರಗೊರ ಎಂದು ಎದ್ದಿತು. ಬ್ರೌಸರನ್ನು ಒತ್ತಿ ಅವಳು ಮನಸ್ಸಿನಲ್ಲೇ ಎಣಿಸಿದಳು. ನಾಲ್ಕು ಎನ್ನುವಷ್ಟರಲ್ಲಿ ಪುಟ ಎದುರಿಗಿತ್ತು. ಹತ್ತೂ ಹನ್ನೆರಡಕ್ಕೆ ಹದಿನಾಲ್ಕನೆಯ ಟೋಕನ್ ಸಿಕ್ಕಿತು. ಜನ ಚೀಲ ಹೆಗಲಿಗೇರಿಸಿಕೊಂಡು ಬೀಜದ ಗೋದಾಮಿನ ಕಡೆ ಓಡಿದರು. ರಿಪೇರಿಯವನೂ ಹೊರಟ. ಅಜ್ಜಿಯ ದನಿ ಮಾತ್ರ ತಿರುವು ದಾಟಿದ ಮೇಲೂ ಸ್ವಲ್ಪ ಹೊತ್ತು ಕೇಳಿಸಿತು.

ಅಂಗಡಿಯಲ್ಲಿ ಇಬ್ಬರೇ ಉಳಿದರು. ಪರದೆಯ ಮೇಲೆ ಆ ಒಂದು ಪುಟ.

"ಈ ಬಿತ್ತನೆ ಒಂದು..." ಎಂದು ಶುರುಮಾಡಿದ ಅಣ್ಣ.

"ಟೋಕನ್ ಆಯ್ತಲ್ಲ. ಮುಗೀತು."

"ನೀನು ಹೋದ್ರೆ ಇದನ್ನ ಒತ್ತೋರು ಯಾರು?"

"ನಿಂಗೆ ಹತ್ತು ಬೆರಳಿದೆ. ನಾನು ಎರಡರಲ್ಲಿ ಶುರುಮಾಡಿದ್ದು."

ಅವಳು ಕುರ್ಚಿ ಬಿಟ್ಟು ಎದ್ದಳು. ಕೌಂಟರ್ ಸುತ್ತಿಕೊಂಡು ಹೋಗಿ, ಜನ ತುಳಿದುಹೋದ ಕೆಸರಿನ ಮೇಲೆ, ಅವರು ನಿಲ್ಲುವ ಜಾಗದಲ್ಲಿ ನಿಂತಳು. "ಕೂತ್ಕೋ. ನಾನೂ ಒಬ್ಬಳು ಗಿರಾಕಿ."

ಅಣ್ಣ ಕುರ್ಚಿಯನ್ನು ದಡಕ್ಕನೆ ಎಳೆದು ಕೂತ. ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ, ಮೊಳೆ ಹೊಡೆದ ಹಾಗೆ ಕುಟ್ಟಿದ.

"ಹುಟ್ಟಿದ ತಾರೀಕು?" ಎಂದ ಕಣ್ಣೆತ್ತದೆ.

"ಗೊತ್ತಿಲ್ವಾ?"

ಅವನಿಗೆ ಗೊತ್ತಿರಲಿಲ್ಲ. ಅವಳು ಹೇಳಿದಳು. ಅಪ್ಪನ ಹೆಸರನ್ನು ಅವನು ಕೇಳಲಿಲ್ಲ. ತಾನೇ ಕುಟ್ಟಿದ, ಒಂದು ಅಕ್ಷರ ತಪ್ಪಿ, ಅಳಿಸಿ, ಮತ್ತೆ ಕುಟ್ಟಿದ. ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಸಂಖ್ಯೆ ಬಂತು. ಅವನು ಓದಿದ. ಅವಳು ಅದನ್ನು ಕ್ಯಾಲೆಂಡರಿನ ಕೆಳಮೂಲೆಯಲ್ಲಿ ಬರೆದು, ಅಷ್ಟನ್ನು ಹರಿದು, ಮಡಿಸಿ ಮುಷ್ಟಿಯಲ್ಲಿಟ್ಟುಕೊಂಡಳು.

"ಈಗ ಮುಚ್ಚು," ಎಂದಳು.

ಅವಳು ಮೆಟ್ಟಿಲಿಳಿದು ಹೋದ ಮೇಲೆ ಅವನು ಕ್ಯಾಲೆಂಡರನ್ನು ಮತ್ತೆ ಮೊಳೆಗೆ ತೂಗುಹಾಕಿದ. ಅರವತ್ತು ಸಂಖ್ಯೆಗಳು ಗೋಡೆಯ ಮೇಲೆ ನಿಂತವು. ಕೆಳಗೆ ಬಲಗಡೆಯ ಮೂಲೆ ಇರಲಿಲ್ಲ.