ಶೋಕೇಸಿನ ಕೆಳಗಿನ ಖಾನೆ

ಲವೀನಾ ಕೆಲಸದಿಂದ ಬಂದು ಚಪ್ಪಲಿ ಬಿಡುವಾಗಲೇ ಆ ಸದ್ದು ಕೇಳಿಸಿತು. ಕಟ್, ಕಟ್, ಕಟ್. ಹಿಂದಿನ ಜಗಲಿಯಲ್ಲಿ, ತೆಂಗಿನಕಾಯಿ ರಾಶಿಯ ಪಕ್ಕದ ಸ್ಟೂಲಿನ ಮೇಲಿದ್ದ ಪಂಜರದಲ್ಲಿ ಪೋಡಿ ಮತ್ತೆ ಕಂಬಿ ಕಚ್ಚುತ್ತಿತ್ತು. ಅವಳು ಬಗ್ಗಿ ನೋಡಿದಳು. ಮೂಗಿನ ಮೇಲಿನ ಕೂದಲು ಉದುರಿ ಚರ್ಮ ಕೆಂಪಗಾಗಿತ್ತು.

ಪೋಡಿ ಎಂದರೆ ಅವಳ ಹ್ಯಾಮ್‌ಸ್ಟರ್, ಇಲಿಯಂಥ ಪುಟ್ಟ ಸಾಕುಪ್ರಾಣಿ. ಅಂಗೈಯಲ್ಲಿ ಹಿಡಿಸುವಷ್ಟು ಗಾತ್ರ, ಆಗಷ್ಟೇ ಎಣ್ಣೆಯಿಂದ ಎತ್ತಿದ ಪೋಡಿಯ, ಅಂದರೆ ಬಜ್ಜಿಯ, ಬಣ್ಣ; ಹೆಸರು ಬಂದದ್ದೂ ಅದರಿಂದಲೇ. ಮಣಿಪಾಲದ ಲ್ಯಾಬಿನಲ್ಲಿ ಕೆಲಸ ಸಿಕ್ಕಿ ಒಬ್ಬಳೇ ರೂಮು ಮಾಡಿಕೊಂಡಿದ್ದಾಗ, ಊರಿಗೆ ಮರಳುತ್ತಿದ್ದ ಗೆಳತಿಯೊಬ್ಬಳು ಕೊಟ್ಟುಹೋದದ್ದು. ಈಸ್ಟರ್ ಕಳೆದ ಮೇಲೆ ಕಾರ್ಲ್ಟನ್‌ನನ್ನು ಮದುವೆಯಾಗಿ ಅವನ ಊರಾದ ಕೆಮ್ಮಣ್ಣಿಗೆ ಬಂದಾಗ ಸೂಟ್‌ಕೇಸುಗಳ ಜೊತೆ ಅದೂ ಬಂತು. ಅತ್ತೆ ಗ್ಲ್ಯಾಡಿಸ್ ಪಂಜರವನ್ನು ನೋಡಿ, ಆಮೇಲೆ ಮಗನ ಮುಖ ನೋಡಿದ್ದರು. ಅಟ್ಟದ ಇಲಿಗಳ ಮೇಲೆ ವರ್ಷವಿಡೀ ಯುದ್ಧ ಹೂಡಿದ್ದ ಹೆಂಗಸು ಅವರು. ಒಂದು ಕೈಯಲ್ಲಿ ಬೋನು ಇಟ್ಟು ಇನ್ನೊಂದು ಕೈಯಲ್ಲಿ ಇಲಿಗೆ ಊಟ ಹಾಕುವುದು ತನ್ನಿಂದಾಗದು ಎಂದು ಮೆಲ್ಲಗೆ, ಆದರೆ ಖಡಾಖಂಡಿತವಾಗಿ ಹೇಳಿದ್ದರು. ಹೀಗೆ ಪೋಡಿಯ ಪಾಲಿಗೆ ಹಿಂದಿನ ಜಗಲಿ ಬಂದಿತ್ತು.

ರೂಮಿನಲ್ಲಿದ್ದಾಗ ಲವೀನಾ ಸಂಜೆಯೆಲ್ಲ ಅದನ್ನು ನೆಲದ ಮೇಲೆ ಓಡಲು ಬಿಡುತ್ತಿದ್ದಳು. ಇಲ್ಲಿ ಅದು ಸಾಧ್ಯವಿರಲಿಲ್ಲ. ಇರುವ ಪಂಜರವೋ ತೀರಾ ಸಣ್ಣದು. ಆದಿತ್ಯವಾರ ಚರ್ಚಿನ ಪೂಜೆ ಮುಗಿಸಿ ಅವಳೂ ಕಾರ್ಲ್ಟನ್‌ನೂ ಉಡುಪಿಯ ಅಂಗಡಿಗಳನ್ನು ಸುತ್ತಿದರು. ಬಣ್ಣಬಣ್ಣದ ಪಂಜರಗಳು, ಏಣಿ, ಜಾರುಬಂಡೆ, ಮೇಲೊಂದು ಮಾಳಿಗೆ. ನೋಡುವವರ ಕಣ್ಣಿಗೆ ಎಲ್ಲವೂ ಇತ್ತು, ಓಡುವುದಕ್ಕೆ ನೆಲ ಮಾತ್ರ ಇರಲಿಲ್ಲ. ಅಗಲವಾಗಿದ್ದ ಒಂದೇ ಒಂದು ನಾಯಿಮರಿಗೆ ಮಾಡಿದ್ದು. ಅದರ ಕಂಬಿಗಳ ನಡುವೆ ಪೋಡಿ ಸಲೀಸಾಗಿ ನುಸುಳಿ ಹೋಗುತ್ತಿತ್ತು. ಬರಿಗೈಯಲ್ಲಿ ಬಂದವರನ್ನು ನೋಡಿ ಮಾವ ಇಮ್ಯಾನುಯೆಲ್ ಸುಮ್ಮನಿರಲಿಲ್ಲ. ದೋಹಾದಲ್ಲಿ ಅಲ್ಯುಮಿನಿಯಂ ಕೆಲಸ ಮಾಡಿ ಬಂದ ಕೈ. ಅಕ್ಕಿ ತುಂಬಿಡುವ ಪ್ಲಾಸ್ಟಿಕ್ ಪೆಟ್ಟಿಗೆಗೆ ತೂತು ಕೊರೆದು ಮನೆ ಮಾಡಿದರು. ಬೆಳಿಗ್ಗೆ ನೋಡಿದರೆ ಒಳಗೆಲ್ಲ ಬೆವರು ಕಟ್ಟಿ ಪೋಡಿ ಮೂಲೆಯಲ್ಲಿ ಒದ್ದೆಯಾಗಿ ಕೂತಿತ್ತು. ಮತ್ತೆ ಹಳೆಯ ಪಂಜರವೇ ಗತಿಯಾಯಿತು.

ಕೆಂಪಾದ ಮೂಗು ಕಂಡ ಆ ಸಂಜೆ ಲವೀನಾ ನಿರ್ಧಾರ ಮಾಡಿದಳು. ಲ್ಯಾಬಿನಲ್ಲಿ ಜೊತೆಗೆ ಕೆಲಸ ಮಾಡುವ ಜಿತೇಶ್‌ನ ಮನೆಯಲ್ಲಿ ಮೀನು ಸಾಕುತ್ತಿದ್ದ ದೊಡ್ಡ ಗಾಜಿನ ತೊಟ್ಟಿ ಖಾಲಿ ಇತ್ತು. ಶನಿವಾರ ಪೋಡಿಯನ್ನು ಅವನಿಗೆ ಕೊಟ್ಟುಬಿಡುತ್ತೇನೆ ಎಂದು ಊಟದ ಹೊತ್ತಿಗೆ ಹೇಳಿದಳು. ಹಗುರವಾಗಿ ಹೇಳಬೇಕೆಂದಿದ್ದಳು, ಆದರೆ ಕಣ್ಣು ತುಂಬಿಬಂತು. ಮದುವೆಯಾಗಿ ಬಂದ ಮನೆಯಲ್ಲಿ, ಎಲ್ಲರೆದುರು, ಒಂದು ಇಲಿಗಾಗಿ ಅಳುವುದೇ ಎಂದು ನಾಚಿಕೆಯಾಗಿ ತಲೆ ತಗ್ಗಿಸಿದಳು. ಗ್ಲ್ಯಾಡಿಸ್ ಅವಳ ತಟ್ಟೆಗೆ ಇನ್ನೊಂದು ತುಂಡು ಬಂಗುಡೆ ಮೀನು ಹಾಕಿದರು.

ಶನಿವಾರ ಅರ್ಧ ದಿನ ಕೆಲಸ ಮುಗಿಸಿ, ಪಂಜರ ಕೊಂಡೊಯ್ಯಲು ದೊಡ್ಡ ಚೀಲ ಹಿಡಿದು ಬಂದಳು. ಸ್ಟೂಲು ಖಾಲಿ ಇತ್ತು. ಅವಳಿಗೆ ಮೊದಲು ನೆನಪಾದದ್ದು ಪಕ್ಕದ ಮನೆಯ ಬೆಕ್ಕು. ಅಷ್ಟರಲ್ಲಿ ಒಳಗಿನಿಂದ ಪಿಂಗಾಣಿ ತಗಲುವ ಸದ್ದು ಬಂತು. ಓಡಿದಳು.

ಹಾಲ್‌ನ ನೆಲದ ಮೇಲೆ ಗ್ಲ್ಯಾಡಿಸ್ ಕಾಲು ಚಾಚಿ ಕೂತಿದ್ದರು. ಸುತ್ತಲೂ ನೀಲಿ ಹೂವಿನ ತಟ್ಟೆಗಳು, ಬೋಗುಣಿಗಳು. ದೋಹಾದಿಂದ ತಂದ ಆ ಡಿನ್ನರ್ ಸೆಟ್ಟಿನಲ್ಲಿ ಈ ಮನೆಯಲ್ಲಿ ಯಾರೂ ಉಂಡದ್ದಿಲ್ಲ. ದೇವರ ಪಟವಿಟ್ಟ ಆಲ್ತಾರಿನ ಪಕ್ಕದ ಶೋಕೇಸಿನಲ್ಲಿ, ಕೆಳಗಿನ ಉದ್ದ ಖಾನೆಯ ಸರಿಯುವ ಗಾಜಿನ ಹಿಂದೆ, ಅದು ಬಂದವರಿಗೆ ಕಾಣುವಂತೆ ಇರುತ್ತಿತ್ತು. ಈಗ ಖಾನೆ ಬರಿದಾಗಿತ್ತು. ಇಮ್ಯಾನುಯೆಲ್ ಶೋಕೇಸನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದು, ಹಿಂದಿನ ಪ್ಲೈವುಡ್ ಕೊಯ್ದು, ಆ ಜಾಗಕ್ಕೆ ಸಣ್ಣ ಕಣ್ಣಿನ ತಂತಿಬಲೆ ಹೊಡೆಯುತ್ತಿದ್ದರು. ಊಟದ ಮೇಜಿನ ಮೇಲೆ ಪಂಜರ. ಪೋಡಿ ಸೌತೆಕಾಯಿಯ ತುಂಡೊಂದನ್ನು ಎರಡೂ ಕೈಯಲ್ಲಿ ಹಿಡಿದು ತಿನ್ನುತ್ತಿತ್ತು.

"ಎಂತ ನೋಡುವುದು? ಒಂದು ಕೈ ಹಾಕು," ಎಂದರು ಗ್ಲ್ಯಾಡಿಸ್. "ಬೈಹುಲ್ಲು ಇಷ್ಟು ಸಾಕಾ? ಅದಕ್ಕೆ ಅಗೆಯಲಿಕ್ಕೆ ಬೇಕಂತೆ ಅಲ್ವಾ, ಕಾರ್ಲ್ಟನ್ ಹೇಳಿದ."

"ಮಮ್ಮಿ, ಇದು ನಿಮ್ಮ ಸೆಟ್ಟಿನ ಜಾಗ."

"ಸೆಟ್ಟಿಗೆ ಓಡಾಡಲಿಕ್ಕೆ ಉಂಟಾ?"

ಗ್ಲ್ಯಾಡಿಸ್ ಒಂದು ಬೋಗುಣಿಯನ್ನು ಸೀರೆಯ ಸೆರಗಿನಲ್ಲಿ ಒರೆಸುತ್ತಾ, ಅದಕ್ಕೇ ಹೇಳುವಂತೆ ಹೇಳಿದರು: "ನೀನು ಬರುವ ಮೊದಲೇ ಅದು ಕಚ್ಚಲಿಕ್ಕೆ ಶುರು ಮಾಡ್ತದೆ. ಕೇಳುವವಳು ನಾನೊಬ್ಬಳೇ. ದೋಹಾದಲ್ಲಿ ನಾವು ಮೊದಲು ಇದ್ದ ರೂಮಿಗೆ ಒಂದು ಕಿಟಕಿ ಇತ್ತು. ತೆರೆದರೆ ಆಚೆ ಗೋಡೆ. ಇವರು ಡ್ಯೂಟಿಗೆ ಹೋದ ಮೇಲೆ ನಾನು ಎಷ್ಟು ಸಲ ತೆರೆದು ಮುಚ್ಚಿದ್ದೇನೋ."

ಇಮ್ಯಾನುಯೆಲ್‌ರ ಸುತ್ತಿಗೆ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಲವೀನಾ ಚೀಲವನ್ನು ಮಡಚಿಟ್ಟು ಅತ್ತೆಯ ಪಕ್ಕ ಕೂತು ಬೈಹುಲ್ಲು ತುಂಡು ಮಾಡತೊಡಗಿದಳು.

ಸಂಜೆ ಕಾರ್ಲ್ಟನ್ ಬಂದ ಮೇಲೆ ಪೋಡಿಯನ್ನು ಒಳಗೆ ಬಿಟ್ಟರು. ಅದು ಮೂಲೆಯಲ್ಲಿ ಮುದುಡಿ ಕೂತು ಮೀಸೆ ಆಡಿಸಿತು. ಆಮೇಲೆ ಗಾಜಿನುದ್ದಕ್ಕೂ ಓಡಿತು, ತಿರುಗಿ ಓಡಿತು, ನಡುವೆ ನಿಂತು ಅಗೆಯಲು ಶುರುಮಾಡಿತು. ಬಾಲದ ಮೊಟುಕು ಕಾಣದಾಗುವವರೆಗೂ ನಾಲ್ವರೂ ಕುಕ್ಕರುಗಾಲಿನಲ್ಲಿ ಕೂತು ನೋಡಿದರು. ಎತ್ತಿಡಲು ಬೇರೆ ಜಾಗವಿಲ್ಲದ ಕಾರಣ ನೀಲಿ ಹೂವಿನ ತಟ್ಟೆಗಳನ್ನು ತೊಳೆದು ಊಟದ ಮೇಜಿಗೇ ಹಾಕಿದ್ದಾಯಿತು. ಲವೀನಾ ಹೊರಗೆ ಹೋಗಿ ಜಿತೇಶ್‌ಗೆ ಫೋನು ಮಾಡಿ ಬಂದಳು.

ಕತ್ತಲಾಗುತ್ತಲೇ ಗ್ಲ್ಯಾಡಿಸ್ ಆಲ್ತಾರಿನಲ್ಲಿ ಮೊಂಬತ್ತಿ ಹಚ್ಚಿದರು. ಎಲ್ಲರೂ ಜಪಮಾಲೆ ಹಿಡಿದು ಮೊಣಕಾಲೂರಿದರು. ಪ್ರಾರ್ಥನೆಯ ನಡುವೆ ಗಾಜಿನ ಹಿಂದೆ ಬೈಹುಲ್ಲು ಸರಸರ ಎಂದಿತು. ಒಂದು ಪುಟ್ಟ ದಿಬ್ಬ ಏಳುತ್ತಾ, ಇಳಿಯುತ್ತಾ, ಮತ್ತೆ ಏಳುತ್ತಾ ಅತ್ತಿಂದಿತ್ತ ಸರಿಯಿತು. ಗ್ಲ್ಯಾಡಿಸ್ ಕಣ್ಣು ತೆರೆಯಲಿಲ್ಲ, ದನಿಯನ್ನು ಮಾತ್ರ ಕೊಂಚ ತಗ್ಗಿಸಿದರು. ಉಳಿದವರೂ ತಗ್ಗಿಸಿದರು.